ಕಣ್ಣು ಮುಚ್ಚಿ ಹೇಳಿದ ಚಾಡಿ

ಕರುಣಾ, ಕಣ್ಣು ಮುಚ್ಚಿಕೊಂಡು, ದೇವರ ಹೆಸರು ತೆಗೆದುಕೊಂಡು, ನಿನ್ನ ಮೇಲೆ ಚಾಡಿ ಹೇಳಿದವಳು ನಾನು. ಇದು ನಿನಗೆ ಗೊತ್ತು. ಸಿಂದಗಿಯ ನಮ್ಮ ಚರ್ಚಿನ ಸಭೆಗೂ ಗೊತ್ತು — ಆದರೆ ಅವರೆಲ್ಲ ಅದನ್ನು ಪ್ರಾರ್ಥನೆ ಎಂದೇ ತಿಳಿದಿದ್ದಾರೆ. "ಶಾಂತಕ್ಕನ ಪ್ರಾರ್ಥನಿ ಅಂದ್ರ ಎದಿ ಕರಗತೈತಿ ನೋಡ್ರಿ" ಎಂದು ಇವತ್ತಿಗೂ ಹೇಳುತ್ತಾರೆ. ಇನ್ನೊಂದು ಮಾತು ನಿನ್ನೆಯವರೆಗೆ ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಮಗಳ ಕೈಗೆ ಮಂತ್ರಿಸಿದ ದಾರ ಕಟ್ಟಿಸಿಕೊಂಡು ಬಾ ಎಂದು ನಿನ್ನನ್ನು ಕಳಿಸಿದವಳೂ ನಾನೇ.

ನೀನು ತಾಂಬಾದಿಂದ ನನ್ನ ಮೈದುನನ ಹೆಂಡತಿಯಾಗಿ ಬಂದಾಗ ನಾನು ಆ ಮನೆಯ ಹಿರಿಯ ಸೊಸೆ. ಸ್ತ್ರೀಯರ ಕೂಟದಲ್ಲಿ ನನ್ನ ದನಿಯೇ ದೊಡ್ಡದು. ಗುರುವಾರ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಚಾಪೆ ಹಾಸಿ ಕೂತರೆ ಕೊನೆಯ ಪ್ರಾರ್ಥನೆ ನನ್ನದೇ. ಊರಿನವರ ಬೇನೆ, ಸಾಲ, ಸೊಸೆಯಂದಿರ ಜಗಳ ಎಲ್ಲವನ್ನೂ ಕರ್ತನಿಗೆ ವಿವರವಾಗಿ ಒಪ್ಪಿಸುತ್ತಿದ್ದೆ. ಅಷ್ಟು ವಿವರ ಅವನಿಗೆ ಬೇಕಿತ್ತೇ? ಕೂತವರಿಗೆ ಬೇಕಿತ್ತು, ನನಗೆ ಬೇಕಿತ್ತು. ನೀನು ಮಾತ್ರ, "ತಂದೇ, ನಮ್ಮನ್ನ ಬಿಡಬ್ಯಾಡಪಾ" ಎಂದು ಇಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಒಂದು ಭಾನುವಾರ ನಮ್ಮ ಪಾದ್ರಿ ಅಯ್ಯನವರು ಪ್ರಸಂಗದ ನಡುವೆ, "ಪ್ರಾರ್ಥನಿ ಅಂದ್ರ ನಮ್ಮ ಕರುಣಾ ಮಾಡಿದಂಗ ಇರಬೇಕ್ರಿ" ಎಂದರು. ಹೆಂಗಸರ ಸಾಲೆಲ್ಲ ನಿನ್ನ ಕಡೆ ತಿರುಗಿತು. ನಾನೊಬ್ಬಳೇ ತಿರುಗದೆ ಬೈಬಲಿನ ಹಾಳೆ ಮಗುಚಿದೆ. ಹೊಟ್ಟೆಕಿಚ್ಚು, ಕರುಣಾ — ಅದಕ್ಕೆ ಬೇರೆ ಹೆಸರಿಲ್ಲ. ಆತ್ಮಿಕ ಭಾರ, ಸಭೆಯ ಚಿಂತೆ, ನಿನ್ನ ಮೇಲಿನ ಕಾಳಜಿ ಅಂತ ಇಷ್ಟು ವರ್ಷ ಹೆಸರು ಬದಲಿಸಿ ಬದಲಿಸಿ ನೋಡಿದ್ದೇನೆ. ಯಾವುದೂ ಹೊಂದಲಿಲ್ಲ.

ಅದೇ ತಿಂಗಳು ನಿನ್ನ ಗ್ರೇಸಿಗೆ ಜ್ವರ ಹಿಡಿಯಿತು. ಇನ್ನೂ ಶಾಲೆಗೆ ಹಾಕದ ಕೂಸು. ಡಾಕ್ಟರು ಔಷಧ ಬದಲಿಸಿದರು, ಅಯ್ಯನವರು ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಜ್ವರ ಇಳಿಯುವುದು, ಮತ್ತೆ ಏರುವುದು. ನೀನು ಹಿತ್ತಿಲಲ್ಲಿ ನನ್ನ ಕೈ ಹಿಡಿದುಕೊಂಡು, "ಏನ ಮಾಡ್ಲಿ ಯಕ್ಕಾ? ಕೂಸು ಕಣ್ಣ ತೆಗೀವಲ್ದು" ಎಂದು ಕಣ್ಣೀರು ಹಾಕಿದೆ. ಆಗ ನಾನು ಹೇಳಿದೆ — ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ, ಇಷ್ಟಂತೂ ನಿಜ — ದೇವಣಗಾಂವದಲ್ಲಿ ಒಬ್ಬ ಅಜ್ಜಿ ದಾರ ಮಂತ್ರಿಸಿ ಕಟ್ಟುತ್ತಾಳೆ, ನನ್ನ ಪ್ರಕಾಶನಿಗೂ ಸಣ್ಣವನಿದ್ದಾಗ ಕಟ್ಟಿಸಿಕೊಂಡು ಬಂದಿದ್ದೆ ಎಂದು. "ಸಭಾದಾಗ ಗೊತ್ತಾದ್ರ?" ಎಂದು ನೀನು ಹೆದರಿದೆ. "ನಾನೇನ ಡಂಗುರ ಹೊಡಿತೇನೇನ? ಹೋಗಿ ಬಾ" ಎಂದೆ.

ನೀನು ಹೋಗಿ ಬಂದೆ. ಔಷಧದಿಂದಲೋ, ಪ್ರಾರ್ಥನೆಯಿಂದಲೋ, ಅಜ್ಜಿಯ ದಾರದಿಂದಲೋ, ಗ್ರೇಸಿ ಎದ್ದು ಕೂತು ಮಜ್ಜಿಗೆ ಅನ್ನ ಕೇಳಿದಳು. ಆ ವಾರದ ಕೂಟಕ್ಕೆ ನೀನು ಬರಲಿಲ್ಲ, ಕೂಸಿನ ಹತ್ತಿರ ಇದ್ದೆ. ಕೊನೆಯ ಪ್ರಾರ್ಥನೆಗೆ ಎಲ್ಲರೂ ಸೆರಗು ಹೊದ್ದುಕೊಂಡರು. ನಾನು ಕಣ್ಣು ಮುಚ್ಚಿದೆ. "ಕರ್ತನೇ, ನಮ್ಮ ತಂಗಿ ಕರುಣಾಳನ್ನು ಕ್ಷಮಿಸು, ಆಕೆ ನಿನ್ನನ್ನು ಬಿಟ್ಟು ದಾರಕ್ಕೆ ಶರಣಾಗಿದ್ದಾಳೆ…" ಎಂದೆ. ಅಳುತ್ತ ಹೇಳಿದೆ! ಕಣ್ಣೀರು ತಾನಾಗಿ ಬಂತು. ಸುತ್ತಲೂ ಕೂತವರು ಒಬ್ಬೊಬ್ಬರೇ ಆಮೆನ್ ಎಂದರು. ಹೀಗೆ ಹೇಳಿದ ಮಾತನ್ನು ಯಾರೂ ಚಾಡಿ ಎನ್ನಲಾರರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಭಾನುವಾರದೊಳಗೆ ಮಾತು ಅಯ್ಯನವರ ಕಿವಿಗೆ ಬಿತ್ತು. ಸಭೆಯ ಇಬ್ಬರು ಹಿರಿಯರನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ನೀನು ಕಂಬದ ಪಕ್ಕ ನಿಂತಿದ್ದೆ, ನಾನು ಚಹಾದ ತಾಟು ಹಿಡಿದುಕೊಂಡಿದ್ದೆ. ಅಯ್ಯನವರು ಕೆಟ್ಟವರಲ್ಲ, ಮೆಲ್ಲಗೇ ಕೇಳಿದರು.

"ಹಿಂಗ ಮಾಡಂತ ನಿನಗ ಯಾರ ಹೇಳಿದ್ರವಾ? ಯಾರರ ಹೇಳಿದ್ರ ಹೇಳಿಬಿಡು."

ನೀನು ಒಂದು ಸಲ ನನ್ನ ಮುಖ ನೋಡಿದೆ. ಒಂದೇ ಸಲ. ಆಮೇಲೆ ನೆಲ ನೋಡುತ್ತ ಹೇಳಿದೆ.

"ಯಾರೂ ಹೇಳಿಲ್ರಿ ಅಯ್ನಾರ. ನಾನ ಹೋಗಿದ್ನಿ."

ನಾನು ಚಹಾ ಕೊಟ್ಟೆ. ಒಬ್ಬರಿಗೆ ಸಕ್ಕರೆ ಕಡಿಮೆಯಾಗಿದೆಯೇ ಎಂದೂ ಕೇಳಿದೆ. ಇದನ್ನು ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಸಕ್ಕರೆ!

ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವವರೆಗೆ ನಿನ್ನನ್ನು ರೊಟ್ಟಿ ಮುರಿಯುವ ಕರ್ತನ ಭೋಜನದಿಂದ ಹೊರಗಿಡಬೇಕೆಂದು ಮಾತಾಯಿತು. ಮುಂದಿನ ಭೋಜನದ ದಿನ ರೊಟ್ಟಿಯ ತಟ್ಟೆ ಹೆಂಗಸರ ಸಾಲಿನಲ್ಲಿ ಬಂತು. ನನ್ನ ಮುಂದೆ ನಿಂತಿತು, ನಾನು ಮುರಿದುಕೊಂಡೆ. ನಿನ್ನ ಮುಂದೆ ನಿಲ್ಲದೆ ಹೋಯಿತು. ನಿನ್ನ ತೊಡೆಯ ಮೇಲಿದ್ದ ಗ್ರೇಸಿ ಗಟ್ಟಿಯಾಗಿ, "ನಮ್ಮವ್ವಗ ಕೊಡ್ರಿ!" ಎಂದಳು. ಯಾರೋ ನಕ್ಕರು, ಯಾರೋ ಶ್ ಎಂದರು. ನನ್ನ ಬಾಯಲ್ಲಿ ಆ ರೊಟ್ಟಿ ಇತ್ತು. ನುಂಗಿದೆ.

ಅವತ್ತಿನಿಂದ ನೀನು ಸಭೆಗೆ ಬರಲಿಲ್ಲ. ಮೈದುನ ಬಸ್ ಡ್ರೈವರ್, ಮುದ್ದೇಬಿಹಾಳ ಡಿಪೋಕ್ಕೆ ಬದಲಿ ಕೇಳಿಕೊಂಡ. ಸಾಮಾನು ಏರಿಸುವಾಗ ನನ್ನ ಯಜಮಾನರು, "ತಮ್ಮಾ, ಅವಸರ ಮಾಡಬ್ಯಾಡ" ಎಂದು ತಡೆದರು. ಅವನು ತಿರುಗಿ ನೋಡಲಿಲ್ಲ. ಅವರಿಗೂ ನಾನು ನಿನ್ನೆಯವರೆಗೆ ಹೇಳಿರಲಿಲ್ಲ, ಕರುಣಾ. ಒಂದೇ ತಟ್ಟೆಯಲ್ಲಿ ಉಂಡ ತಮ್ಮ ಯಾಕೆ ದೂರವಾದ ಎಂದು ಆ ಮನುಷ್ಯ ಇಷ್ಟು ವರ್ಷ ತಲೆ ಕೆಡಿಸಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದೆ.

ಸ್ತ್ರೀಯರ ಕೂಟಕ್ಕೆ ನಾನೇ ಮುಂದಾಳಾದೆ. ಬೇಕಾಗಿದ್ದದ್ದು ಸಿಕ್ಕಿತು. ಸಿಕ್ಕ ಮೇಲೆ — ಏನು ಹೇಳಲಿ — ಕೂಟದಲ್ಲಿ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಅರೆಗಣ್ಣು ಬಿಟ್ಟು ಯಾರು ನನ್ನನ್ನು ನೋಡುತ್ತಿದ್ದಾರೆ ಎಂದು ಹುಡುಕುತ್ತೇನೆ. ಮನೆಯಲ್ಲಿ ಒಬ್ಬಳೇ ಮೊಣಕಾಲೂರಿದರೆ ಎರಡು ಮಾತಾಡಿ ಎದ್ದುಬಿಡುತ್ತೇನೆ, ಒಲೆಯ ಮೇಲೆ ಏನೋ ಇಟ್ಟಿದ್ದೆ ಎಂಬ ನೆಪ. ಒಲೆ ಆರಿರುತ್ತದೆ.

ಇದನ್ನೆಲ್ಲ ನುಂಗಿಕೊಂಡೇ ಸತ್ತುಹೋಗುತ್ತಿದ್ದೆನೋ ಏನೋ. ಆದರೆ ಹೋದ ತಿಂಗಳು ಬಸವನ ಬಾಗೇವಾಡಿಯಿಂದ ಒಬ್ಬ ತಾಯಿ ನಮ್ಮ ಮನೆಗೆ ಬಂದರು. ಹೆಸರು ಸುಶೀಲಮ್ಮ. ಅವರ ಮಗನಿಗೆ ನಿನ್ನ ಗ್ರೇಸಿಯನ್ನು ಕೇಳಿದ್ದಾರಂತೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದಾರೆ, ಇನ್ನು ಮಾತು ಗಟ್ಟಿ ಮಾಡುವುದೊಂದೇ ಬಾಕಿ. ನಾನು ಹುಡುಗಿಯ ದೊಡ್ಡವ್ವ, ಮೇಲಾಗಿ ಪ್ರಾರ್ಥನೆಯ ಹೆಂಗಸು, ಸುಳ್ಳು ಹೇಳುವುದಿಲ್ಲ ಎಂದು ನನ್ನನ್ನೇ ಕೇಳಲು ಬಂದಿದ್ದರು.

"ತಾಯಿನ್ನ ಸಭಾದಿಂದ ಹೊರಗ ಇಟ್ಟಿದ್ರಂತಲ್ರಿ, ಖರೇನ?"

ಎರಡನೆಯ ಸಲ, ಕರುಣಾ. ಎರಡನೆಯ ಸಲವೂ ನಿನ್ನನ್ನು ಬಿಟ್ಟುಕೊಟ್ಟೆ. "ಅದು ಹಳೇ ಮಾತ ಬಿಡ್ರಿ" ಎಂದೆ. ಅಷ್ಟೇ. ಹೌದು ಎಂದರೂ ಇಷ್ಟು ಕೆಡುತ್ತಿರಲಿಲ್ಲ. ಅವರು ಚಹಾ ಕುಡಿದು, ಸೆರಗು ಸರಿಮಾಡಿಕೊಂಡು ಹೋದರು. ವಾರದೊಳಗೆ ನಿಮಗೆ ಫೋನು ಮಾಡಿ, "ಪ್ರಾರ್ಥನಿ ಮಾಡಿ ಹೇಳ್ತೇವ್ರಿ" ಎಂದರಂತೆ. ನಮ್ಮ ಜನ ಬೇಡ ಎನ್ನುವುದು ಹೀಗೆಯೇ ಅಲ್ಲವೇ? ಗ್ರೇಸಿ ಉಣ್ಣುತ್ತಿಲ್ಲ ಎಂದು ಮೈದುನ ಅಣ್ಣನ ಮುಂದೆ ಫೋನಿನಲ್ಲಿ ಅತ್ತ. ಯಜಮಾನರು ಫೋನಿಟ್ಟು, "ನೀನರ ಅವರಿಗೆ ಒಂದ ಮಾತ ಹೇಳು. ನಿನ್ನ ಮಾತ ಕೇಳ್ತಾರ" ಎಂದರು.

ನನ್ನ ಮಾತು ಕೇಳುತ್ತಾರೆ. ಅದೇ ಅಲ್ಲವೇ ಎಲ್ಲ ಹಾಳು ಮಾಡಿದ್ದು!

ನಿನ್ನೆ ಬಾಗೇವಾಡಿಗೆ ಹೋದೆ. ಬಸ್ಸಿನಲ್ಲಿ ಏನು ಹೇಳಬೇಕೆಂದು ಹೊಂದಿಸಿದ್ದೆಲ್ಲ ಅವರ ಹೊಸ್ತಿಲು ದಾಟುವಾಗ ಮರೆತುಹೋಯಿತು. ಸುಶೀಲಮ್ಮ ಶೇಂಗಾ ಸುಲಿಯುತ್ತ ಕೂತಿದ್ದರು. "ದಾರಾ ಕಟ್ಟಿಸಾಕ ಅಕಿನ್ನ ಕಳಿಸಿದಾಕಿ ನಾನ್ರಿ" ಎಂದೆ. ನನ್ನ ಮಗನಿಗೂ ಕಟ್ಟಿಸಿದ್ದೆ ಎಂದೆ. ಕೂಟದಲ್ಲಿ ಹೇಳಿದ್ದು ನಾನು, ಹಿರಿಯರ ಮುಂದೆ ಬಾಯಿ ಮುಚ್ಚಿಕೊಂಡಿದ್ದು ನಾನು, ನಿಮಗೂ ಮುಚ್ಚಿಟ್ಟೆ ಎಂದೆ. ಅವರ ಕೈ ನಿಂತಿತು.

"ಮತ್ತ ಅಕಿ ನಿಮ್ಮ ಹೆಸರ ಯಾಕ ಹೇಳ್ಲಿಲ್ಲ?"

ಅವರೇ ಸಿಪ್ಪೆಗಳನ್ನು ಬಳಿದು ಒಟ್ಟು ಮಾಡುತ್ತ, ತಮ್ಮಷ್ಟಕ್ಕೆ ಹೇಳಿಕೊಂಡಂತೆ, "ಅಂಥಾ ತಾಯೀ ಮಗಳು ನಮ್ಮ ಮನೀಗೆ ಬರಲಿ ಬಿಡ್ರಿ" ಎಂದರು. ನನಗೆ ಮಾತ್ರ ಚಹಾ ಬೇಕೇ ಎಂದು ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು.

ಗ್ರೇಸಿಯ ಮದುವೆಯ ಮಾತು ಗಟ್ಟಿಯಾಯಿತು, ಅಲ್ಲಿಗೆ ನನ್ನ ಲೆಕ್ಕ ಮುಗಿಯಿತೆಂದು ತಿಳಿಯಬೇಡ. ನಾನು ಹಾಗೆ ತಿಳಿದಿಲ್ಲ. ನಿನ್ನೆ ರಾತ್ರಿ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಹಾಸಿಗೆ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಮಲಗಿದರು.

ಬರುವ ಭಾನುವಾರ ಕರ್ತನ ಭೋಜನವಿದೆ. ನೀನು ಬಾ ಎಂದು ಕರೆಯುವ ಮುಖ ನನಗಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ — ಕೇಳಿದರೆ ಕೊಡಲೇಬೇಕಲ್ಲ ಎಂದು ನೀನು ಕೊಟ್ಟುಬಿಡುತ್ತೀಯ, ನೀನು ಅಂಥವಳೇ. ತಟ್ಟೆ ಹೊರಡುವ ಮೊದಲು ನಾನು ಎದ್ದು ನಿಲ್ಲುತ್ತೇನೆ. ಯಾರೂ ಕಣ್ಣು ಮುಚ್ಚಬೇಡಿ, ಇದು ಪ್ರಾರ್ಥನೆಯಲ್ಲ ಎಂದು ಮೊದಲೇ ಹೇಳುತ್ತೇನೆ. ನಿನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳುತ್ತೇನೆ, ಒಬ್ಬೊಬ್ಬರ ಮುಖ ನೋಡಿ. ಆಮೇಲೆ ನನ್ನ ಜಾಗದಲ್ಲೇ ಕೂತಿರುತ್ತೇನೆ. ತಟ್ಟೆ ನನ್ನ ಮುಂದೆ ನಿಲ್ಲದೆ ಹೋಗಲಿ. ನಾನು ಅದನ್ನು ಕಣ್ಣು ಬಿಟ್ಟು ನೋಡುತ್ತೇನೆ.