ಜೊತೆಯಿಲ್ಲದವಳು

ಚಿಕ್ಕಮ್ಮನ ಕಣ್ಣಿನ ವಿಷಯ ಬರೆಯಲು ಕೂತರೆ ನನಗೆ ಎರಡು ನೆನಪುಗಳು ಒಟ್ಟಿಗೇ ಬರುತ್ತವೆ, ಒಂದರ ಮೇಲೊಂದು ಸ್ವಲ್ಪ ಸರಿದು ನಿಂತಂತೆ. ಯಾವುದು ನಿಜವಾಗಿ ಕಂಡದ್ದು, ಯಾವುದು ಆಮೇಲೆ ನಾನೇ ಸೇರಿಸಿಕೊಂಡದ್ದು ಎಂದು ಹೇಳಲಾರೆ.

ಚನ್ನಪಟ್ಟಣದ ಅಂಚಿನಲ್ಲಿ ನನ್ನ ಸೋದರಮಾವನ ರೇಷ್ಮೆ ನೂಲು ಬಿಚ್ಚುವ ಶೆಡ್ಡು ಇತ್ತು. ರೇಷ್ಮೆಗೆ ಬೆಲೆ ಬಂದಿದ್ದ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಹಿಪ್ಪುನೇರಳೆ ನಿಂತಿತ್ತು. ಶೆಡ್ಡಿನಲ್ಲಿ ಸಾಲಾಗಿ ಬಿಸಿನೀರಿನ ಬೇಸಿನ್ನುಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಬೆಂದ ಗೂಡುಗಳು ನೀರಿನಲ್ಲಿ ಕುಣಿಯುತ್ತಿರುತ್ತವೆ. ಕೆಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಒಂದು ಗೂಡು ಮುಗಿದ ತಕ್ಷಣ ಇನ್ನೊಂದನ್ನು ಹಚ್ಚದಿದ್ದರೆ ನೂಲು ಸಣ್ಣಗಾಗುತ್ತದೆ. ಗಂಡ ತೀರಿಕೊಂಡ ಮೇಲೆ ಚಿಕ್ಕಮ್ಮ ಗಂಡನ ಊರಾದ ಕಲ್ಯದಿಂದ ಅಣ್ಣನ ಮನೆಗೆ ಬಂದು ಆ ಸಾಲಿನಲ್ಲಿ ಕೂತಿದ್ದಳು. ಆ ಬೇಸಿನ್ನೇ ಆ ಮನೆಯಲ್ಲಿ ಅವಳಿಗಿದ್ದ ಜಾಗ.

ಅವಳ ನೂಲು ಸಣ್ಣಗಾಗತೊಡಗಿತು. ಮಾವ ಬೈದರು. "ಗೂಡು ಸರ್ಯಾಗೇ ಹಾಕಿವ್ನಲ್ಲಣ್ಣ" ಎಂದಳು. ತೇಲುವ ಪ್ರತಿ ಗೂಡೂ ಅವಳಿಗೆ ಎರಡಾಗಿ ಕಾಣುತ್ತಿತ್ತು. ಸಾಕಷ್ಟಿವೆ ಎಂದು ಹೊಸದನ್ನು ಹಚ್ಚುತ್ತಿರಲಿಲ್ಲ. ಮಾತು ಗೂಡಿಗೇ ನಿಂತಿದ್ದರೆ ಸರಿಹೋಗುತ್ತಿತ್ತು. ಒಂದು ದಿನ ಪಕ್ಕದ ಬೇಸಿನ್ನಿನವಳಿಗೆ, "ನಿನ್ ಮಗ್ಗುಲಲ್ಲಿ ಇನ್ನೊಬ್ಬಳು ಕೂತವ್ಳೆ ಕಣೆ. ನಿನ್ನಂಗೇ ಅವ್ಳೆ, ಒಸಿ ಮಸುಕು" ಎಂದಳು.

"ಹಂಗಾರೆ ಅವಳ ಕೂಲೀನೂ ನಂಗೇ ಕೊಡಣ್ಣೋ!" ಎಂದು ಆಕೆ ಮಾವನಿಗೆ ಕೂಗಿ ಹೇಳಿದಳು. ಶೆಡ್ಡೆಲ್ಲ ನಕ್ಕಿತಂತೆ. ಮಾರನೆಯ ದಿನ ಆಕೆಯ ಕೈ ಬಿಸಿನೀರಿನಲ್ಲಿ ಬೆಂದಿತು. ಆಮೇಲೆ ಯಾರೂ ನಗಲಿಲ್ಲ. ಇವಳಿಗೆ ಗಾಳಿ ಸೋಕಿದೆ ಎಂದು ಚಿಕ್ಕಮ್ಮನ ಎಡಬಲದವರು ಕೆಲಸಕ್ಕೆ ಬರುವುದನ್ನು ಬಿಟ್ಟರು.

ನಾನು ಹೋದಾಗ ಮಾವ ತೀರ್ಮಾನ ಮಾಡಿಬಿಟ್ಟಿದ್ದರು. "ಇವಳ್ನ ಕಲ್ಯಕ್ಕೆ ಬುಟ್ಬತ್ತೀನಿ. ಕುರಿ ಕಾಯ್ಲಿ. ಕುರಿ ಎಲ್ಡೆಲ್ಡು ಕಂಡ್ರೆ ಯಾರ್ಗೂ ನಷ್ಟ ಇಲ್ಲ."

ಚಿಕ್ಕಮ್ಮ ನನ್ನನ್ನು ಹಿತ್ತಲಿಗೆ ಕರೆದಳು. "ಕಲ್ಯಕ್ಕೆ ಮಾತ್ರ ಬ್ಯಾಡ ಕಣವ್ವ. ಮೈದುನಂದ್ರು ನನ್ ಕಂಡ್ರೆ ಬಾಗ್ಲು ಹಾಕ್ಕತಾರೆ. ನೀನು ಓದ್ದೋಳು, ಏನಾರ ಹೇಳು."

ಭೌತಶಾಸ್ತ್ರ ಓದಿ ನಾನು ಆಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿದ್ದೆ. ಸುಕ್ಕಾದ ಬೆಳಕನ್ನು ಅಳೆಯುವುದು ನಮ್ಮ ಕೆಲಸ. ದೂರದ ನಕ್ಷತ್ರದ ಬೆಳಕು ಹಾಸಿದ ಬಟ್ಟೆಯಂತೆ ಸಪಾಟಾಗಿ ಬರುತ್ತದೆ. ನಮ್ಮ ಗಾಳಿ ಅದನ್ನು ಸುಕ್ಕುಗಟ್ಟಿಸುತ್ತದೆ. ಸಾಸಿವೆಯಷ್ಟು ಸಣ್ಣ ಮಸೂರಗಳು ಒತ್ತಾಗಿ ಕೂತ ಒಂದು ಫಲಕದ ಮೇಲೆ ಆ ಬೆಳಕನ್ನು ಬಿಟ್ಟರೆ ಒಂದೊಂದು ಮಸೂರವೂ ಒಂದೊಂದು ಚುಕ್ಕಿ ಇಡುತ್ತದೆ. ಬೆಳಕು ಸಪಾಟಾಗಿದ್ದರೆ ಚುಕ್ಕಿಗಳು ನೇರ ಸಾಲಿನಲ್ಲಿರುತ್ತವೆ, ಸುಕ್ಕಿದ್ದರೆ ಸಾಲು ತಪ್ಪುತ್ತವೆ. ಎಷ್ಟು ತಪ್ಪಿವೆ ಎಂದು ನೋಡಿ, ತೆಳು ಕನ್ನಡಿಯೊಂದನ್ನು ಹಿಂದಿನಿಂದ ಅಲ್ಲಲ್ಲಿ ಒತ್ತಿ, ಸುಕ್ಕಿಗೆ ವಿರುದ್ಧವಾಗಿ ಬಾಗಿಸುತ್ತಿದ್ದೆವು. ಆಗಷ್ಟೇ ಅದನ್ನು ಮನುಷ್ಯರ ಕಣ್ಣಿಗೂ ಪ್ರಯೋಗಿಸತೊಡಗಿದ್ದೆವು.

ಚಿಕ್ಕಮ್ಮನ ಒಂದು ಕಣ್ಣು ಮುಚ್ಚಿಸಿ, "ಈಗ ನಾನು ಎಷ್ಟು?" ಎಂದೆ. "ಎರಡೇ." ಇನ್ನೊಂದು ಕಣ್ಣು ಮುಚ್ಚಿಸಿದೆ. "ಈಗ್ಲೂ ಎರಡೇ." ನನಗೆ ಖುಷಿಯಾಯಿತು. ಒಂದೊಂದೇ ಕಣ್ಣಿಗೂ ಎರಡು ಕಂಡರೆ ತಪ್ಪು ಕಣ್ಣಿನ ಮುಂಭಾಗದಲ್ಲೇ ಇರಬೇಕು; ಗಾಳಿಯಲ್ಲ, ದೆವ್ವವಲ್ಲ. ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿ ಸಾಲು ತೋರಿಸಿದೆ. "ಅವಳೂ ಎರಡು, ಇವಳೂ ಎರಡು," ಎನ್ನುತ್ತಾ ಹೋದಳು. "ಕೊನೇ ಬೇಸಿನ್ನೋಳು ಒಬ್ಬಳೇ."

ಹಬೆಗೆ ಹಾಗೆ ಕಂಡಿರಬೇಕು ಎಂದುಕೊಂಡೆ.

ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆ. ಪ್ರಯೋಗಾಲಯದಲ್ಲಿ ಅವಳ ಕಣ್ಣಿನಿಂದ ಮರಳಿದ ಬೆಳಕಿನ ಚುಕ್ಕಿಗಳು ಒಂದು ಕಡೆಗೆ ಜಾರಿ ಬಿದ್ದಂತಿದ್ದವು. ಕನ್ನಡಿ ಬಾಗಿತು. ಅದರ ಮೂಲಕ ದೀಪ ನೋಡಿದವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. "ಒಂದೇ! ಒಂದೇ ಕಣವ್ವ!" ಕಣ್ಣಿನ ಮುಂದಿನ ಪೊರೆ ತೆಳುವಾಗಿ ಉಬ್ಬಿದೆ ಎಂದು ಕಣ್ಣಿನ ವೈದ್ಯರು ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟರು. ಚುಕ್ಕಿಗಳ ಚಿತ್ರಗಳನ್ನು ಊರಿಗೆ ಒಯ್ದು ಮಾವನಿಗೂ ಹೆಂಗಸರಿಗೂ ತೋರಿಸಿದೆ. "ಕಣ್ಣಿಂದೇ ಕಣ್ರೋ, ಗಾಳಿ ಅಲ್ಲ," ಎಂದು ಮಾವ ಊರೆಲ್ಲ ಹೇಳಿದರು. ಬಿಟ್ಟುಹೋದವರು ತಿರುಗಿ ಬಂದರು. ಕಲ್ಯದ ಮಾತು ನಿಂತಿತು.

ಮುಂದಿನ ಸಲ ಹೋದಾಗ ಮಧ್ಯಾಹ್ನ, ಹೆಂಗಸರೆಲ್ಲ ಊಟಕ್ಕೆ ಎದ್ದಿದ್ದರು. ಚಿಕ್ಕಮ್ಮ ಒಬ್ಬಳೇ ನೂಲು ಎಳೆಯುತ್ತಿದ್ದಳು.

"ಈಗ ಎಲ್ಲ ಸರಿಯಾಗಿ ಕಾಣ್ತದಾ ಚಿಕ್ಕವ್ವ?"

"ಹೂಂ. ಎಲ್ರ ಜೊತೆಯೋರೂ ಹೊಂಟೋದ್ರು." ಅವಳು ಎಳೆಯಿಂದ ಕಣ್ಣೆತ್ತಲಿಲ್ಲ. "ಅವಳು ಮಾತ್ರ ಅಲ್ಲೇ ಅವ್ಳೆ. ಅವಳ್ಗೆ ಮೊದ್ಲಿಂದ್ಲೂ ಜೊತೆ ಇರ್ನಿಲ್ವಲ್ಲ."

ಕೊನೆಯ ಬೇಸಿನ್ನಿನ ಕಡೆ ನೋಡಿದೆ. ಹಬೆ ಇರಲಿಲ್ಲ. ಒಣಗಿದ ಬೇಸಿನ್ನಿನ ಮೇಲೆ ಗೂಡಿನ ಬುಟ್ಟಿಗಳನ್ನು ಬೋರಲು ಹಾಕಿದ್ದರು. ಆ ಒಲೆ ಹೊಗೆ ಎಳೆಯುವುದಿಲ್ಲವೆಂದು ಕಟ್ಟಿದಂದಿನಿಂದ ಹಚ್ಚಿಯೇ ಇಲ್ಲ ಎಂದು ಮಾವ ಆಮೇಲೆ ಹೇಳಿದರು.

ಆ ಉಬ್ಬಿದ ಪೊರೆಯನ್ನು ದಾಟಿ ಬಂದ ಯಾವ ಬೆಳಕಾದರೂ ಒಡೆದು ಎರಡಾಗಲೇಬೇಕಿತ್ತು. ಗೂಡು, ದೀಪ, ನಾನು, ಎಲ್ಲ ಎರಡಾಗಿದ್ದೆವು. ಒಡೆಯದೆ ಕಂಡದ್ದು ಬೆಳಕಿನ ದಾರಿಯಲ್ಲಿ ಬಂದದ್ದಲ್ಲ. ನಾನು ಕಲಿತ ಶಾಸ್ತ್ರ ಅಷ್ಟನ್ನು ಹೇಳಿ ಸುಮ್ಮನಾಗುತ್ತದೆ. ಮೊದಲ ದಿನ ಬಾಗಿಲಲ್ಲಿ ನಿಂತು ನಾನು ಕಂಡದ್ದೇನು? ಒಂದು ನೆನಪಿನಲ್ಲಿ ಬೋರಲು ಹಾಕಿದ ಬುಟ್ಟಿಗಳಿವೆ. ಇನ್ನೊಂದರಲ್ಲಿ ಹಬೆಯಿದೆ, ಹಬೆಯೊಳಗೆ ಬಾಗಿದ ಬೆನ್ನಿದೆ.

"ನಿಮ್ ಮಾವಂಗೆ ಹೇಳ್ಬ್ಯಾಡ," ಎಂದಳು ಚಿಕ್ಕಮ್ಮ. "ಕಲ್ಯ ಇನ್ನೂ ಅಲ್ಲೇ ಐತೆ."

ನಾನು ಹೇಳಲಿಲ್ಲ. ಅವಳು ಎದ್ದು ಊಟಕ್ಕೆ ಹೊರಟಳು. ಕೊನೆಯ ಬೇಸಿನ್ನಿನ ಬಳಿ, ಕೂತವಳಿಗೆ ತಾಕದಂತೆ ಸೆರಗು ಎಳೆದುಕೊಂಡು, ಗೋಡೆಗೆ ಒತ್ತಿಕೊಂಡು ದಾಟಿದಳು. ಹಿಂದಿನಿಂದ ಹೋದ ನಾನೂ ಗೋಡೆಗೆ ಒತ್ತಿಕೊಂಡೇ ದಾಟಿದೆ.