ಪಂದ್ಯ ಗೆಲ್ಲಿಸಿದ ಒಂದು ಮಾತು

ಹುಣಸೂರಿನಲ್ಲಿ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಸೋತದ್ದು ಮರ ಕೊಯ್ಯುವ ಒಂದು ಸಾಮಿಲ್ಲಿನ ಕೂಲಿಗಳ ಕೈಯಲ್ಲಿ. ಅವರದು ಮೂರು ಗೋಲು, ನಮ್ಮದು ಸೊನ್ನೆ. ನಮ್ಮ ಕಾಲಿಗೆ ಬೂಟಿತ್ತು, ಮೈಮೇಲೆ ಒಂದೇ ಬಣ್ಣದ ಅಂಗಿಯಿತ್ತು, ಮೈಸೂರಿನಿಂದ ಬಸ್ಸಿನುದ್ದಕ್ಕೂ ಹಾಡು ಹೇಳಿಕೊಂಡು ಬಂದಿದ್ದೆವು. ಅವರು ಬರಿಗಾಲಿನವರು. ಚಡ್ಡಿಯ ಮೇಲೆ ಟವೆಲ್ಲು ಬಿಗಿದುಕೊಂಡು ಮೈದಾನಕ್ಕೆ ಇಳಿದಾಗ ನಮ್ಮಲ್ಲಿ ಇಬ್ಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಗುವ ಸರದಿ ಗೆರೆಯಾಚೆ ನಿಂತಿದ್ದ ಪೇಟೆಯ ಜನರದಾಯಿತು.

"ಕಾಲೇಜ್ ಐಕ್ಳು ಬೂಟ್ ಪಾಲೀಶ್ ಮಾಡ್ಸಕ್ ಬಂದವ್ರೆ ಕಣ್ರಪ್ಪ" ಎಂದು ಯಾರೋ ಕೂಗಿದ್ದು ಈಗಲೂ ಕಿವಿಯಲ್ಲಿದೆ.

ಇಂಟರ್‌ಮೀಡಿಯೆಟ್ ತರಗತಿಗಳು ಇನ್ನೂ ಇದ್ದ ಕಾಲ, ಐವತ್ತರ ದಶಕದ ನಡುಭಾಗ. ನಾನು ತಂಡದ ಕ್ಯಾಪ್ಟನ್. ಆ ಪಂದ್ಯ ಗೊತ್ತುಮಾಡಿಸಿದವನೂ ನಾನೇ. ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣದ ದಾರಿಯಲ್ಲಿ ಮೂರು ಮೈಲಿ. ಮಗ ಆಡುವುದನ್ನು ತೋರಿಸಬೇಕೆಂದು ಅಪ್ಪ ಗಾಡಿ ಕಟ್ಟಿಸಿ ಊರಿನ ಏಳೆಂಟು ಜನರನ್ನು ಕರೆತಂದಿದ್ದರು. ಮೂರನೆಯ ಗೋಲು ಬಿದ್ದ ಮೇಲೆ ತಿರುಗಿ ನೋಡಿದರೆ ಗಾಡಿ ಅಲ್ಲಿರಲಿಲ್ಲ.

ನಮ್ಮನ್ನು ಸೋಲಿಸಿದವನು ನಿಜವಾಗಿ ಒಬ್ಬನೇ. ಅವರ ಎಡಗಡೆಯ ಬ್ಯಾಕ್, ಗೋಲಿನ ಮುಂದೆ ಕಾವಲು ನಿಲ್ಲುವವನು. ನಮ್ಮದು ಒಂದೇ ವರಸೆ, ಚೆಂಡನ್ನು ಮೈದಾನದ ನಡುವೆ ತಂದು ನನಗೆ ಕೊಡುವುದು, ನಾನು ಗೋಲಿಗೆ ನುಗ್ಗುವುದು. ನುಗ್ಗಿದಷ್ಟು ಸಲವೂ ಅವನ ಕಾಲು ಬಂದು ಚೆಂಡನ್ನು ಎತ್ತಿಕೊಂಡು ಹೋಯಿತು. ಒಮ್ಮೆಯಂತೂ ನಾನು ಮಣ್ಣಿಗೆ ಬಿದ್ದಾಗ ಅವನೇ ಕೈಹಿಡಿದು ಎಬ್ಬಿಸಿ, "ಎಲ್ಗ್ಲಾ ಓಯ್ತಿಯೆ, ನಾನಿಲ್ವಾ ಇಲ್ಲಿ" ಎಂದು ನಕ್ಕ.

ಅವನು ನನ್ನ ಊರಿನವನು. ನಮ್ಮ ಮನೆಯ ಹಿತ್ತಲಿಗೆ ಅವರ ಮನೆಯ ಗೋಡೆ. ಮಿಡ್ಲ್ ಸ್ಕೂಲಿನವರೆಗೆ ಒಂದೇ ಮಣೆಯ ಮೇಲೆ ಕೂತವರು, ಲಕ್ಷ್ಮಣತೀರ್ಥದಲ್ಲಿ ಒಟ್ಟಿಗೆ ಈಜು ಕಲಿತವರು. ಹನ್ನೊಂದನೆಯ ವಯಸ್ಸಿನಲ್ಲಿ ಕಣದಲ್ಲಿ ಹುರುಳಿ ಬಡಿಯುವಾಗ ಸಿಪ್ಪೆಯ ಚೂರೊಂದು ಸಿಡಿದು ಅವನ ಎಡಗಣ್ಣಿಗೆ ಹೊಡೆದಿತ್ತು. ಸೊಪ್ಪಿನ ರಸ ಬಿಟ್ಟರು, ಎದೆಹಾಲು ಬಿಟ್ಟರು. ನೋವು ಹೋಯಿತು, ಜೊತೆಗೆ ದೃಷ್ಟಿಯೂ ಹೋಯಿತು. ಕಣ್ಣು ನೋಡಲು ಮಾತ್ರ ಚೆನ್ನಾಗಿಯೇ ಉಳಿಯಿತು. ಹತ್ತಿರ ನಿಂತು ನೋಡಿದರಷ್ಟೇ ಕರಿಗುಡ್ಡೆಯ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ. ಅವನ ತಾಯಿ ಊರಿಗೆಲ್ಲ ವಾಸಿಯಾಯಿತೆಂದೇ ಹೇಳಿದರು. ಗಂಡನಿಲ್ಲದ ಹೆಂಗಸು, ಒಬ್ಬನೇ ಮಗ. ಒಕ್ಕಣ್ಣ ಎಂಬ ಹೆಸರು ಬಿದ್ದರೆ ನಾಳೆ ಕೆಲಸವೂ ಇಲ್ಲ, ಹೆಣ್ಣೂ ಇಲ್ಲ ಎಂಬುದು ಅವರ ಹೆದರಿಕೆ.

ಅವನು ಸಾಮಿಲ್ಲಿಗೆ ಸೇರಿದ ವಾರ ಹೊಳೆಯಲ್ಲಿ ಎತ್ತು ತೊಳೆಯುತ್ತ ನನಗೆ ಹೇಳಿದ್ದ: "ಕಣ್ ಸರಿಯಾಗೈತಾ ಅಂದ್ರು. ಐತೆ ಅಂದೆ. ಗರಗಸದ ಮುಂದೆ ಒಕ್ಕಣ್ಣನ್ನ ಯಾರ್ಲಾ ನಿಲ್ಲುಸ್ತಾರೆ? ನಮ್ಮವ್ವ, ನೀನು, ಇಬ್ರನ್ನ ಬುಟ್ರೆ ಯಾರ್ಗೂ ಗೊತ್ತಿಲ್ಲ. ಬಾಯ್ ಬುಡಬ್ಯಾಡ ಕಣ್ಲಾ."

"ಬುಡಾಕಿಲ್ಲ, ಓಗ್ಲಾ" ಎಂದಿದ್ದೆ. ಆಣೆ ಇಡಲಿಲ್ಲ. ನಮ್ಮಿಬ್ಬರ ನಡುವೆ ಅದರ ಅಗತ್ಯವಿರಲಿಲ್ಲ.

ಮಿಲ್ಲಿನಲ್ಲಿ ಮರ ಹೊರಲು ಬರುತ್ತಿದ್ದ ಮಲಬಾರಿನವರು ಅವನಿಗೆ ಫುಟ್‌ಬಾಲ್ ಕಲಿಸಿದರು. ಆಮೇಲೊಂದು ರಜೆಯಲ್ಲಿ ಅವನೇ ವಿವರಿಸಿದ್ದ, ಎಡಗಡೆಗೇ ಯಾಕೆ ನಿಲ್ಲುತ್ತಾನೆಂದು. "ಮೈದಾನವೆಲ್ಲ ನನ್ ಬಲಗಣ್ಗೆ ಕಾಣ್ತದೆ. ಎಡಕ್ಕೆ ಬರೀ ಸುಣ್ಣದ ಗೆರೆ. ಅದ್ನೇನ್ ನೋಡದು?"

ಸೋತು ಮೈಸೂರಿಗೆ ಹಿಂತಿರುಗಿದ ಮರುದಿನ ಕಾಲೇಜಿನ ಕರಿಹಲಗೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದಿದ್ದರು: 'ಮರ ಕೊಯ್ಯುವವರ ಕೈಲಿ ಕೊಯ್ಸಿಕೊಂಡು ಬಂದವರಿಗೆ ಸ್ವಾಗತ.' ಆ ಒಂದು ಸಾಲು ನನ್ನನ್ನು ಸುಟ್ಟಷ್ಟು ಆ ಮೂರು ಗೋಲುಗಳೂ ಸುಟ್ಟಿರಲಿಲ್ಲ. ಸಾಮಿಲ್ಲಿನವರಿಗೆ ಹೇಳಿಕಳಿಸಿ ಹದಿನೈದು ದಿನಕ್ಕೆ ಇನ್ನೊಂದು ಪಂದ್ಯ ಗೊತ್ತುಮಾಡಿದೆವು.

ಭಾನುವಾರ ಊಟವಾದ ಮೇಲೆ ಡ್ರಿಲ್ ಮೇಷ್ಟ್ರು ಹಾಸ್ಟೆಲಿನ ಊಟದ ಮನೆಯ ನೆಲದ ಮೇಲೆ ಮೈದಾನ ಬರೆದು, ಹನ್ನೊಂದು ಲೋಟ ನಮ್ಮವರೆಂದೂ ಹನ್ನೊಂದು ಬಟ್ಟಲು ಅವರವರೆಂದೂ ಇಟ್ಟರು. ಎಡಗಡೆಯ ಬ್ಯಾಕಿನ ಬಟ್ಟಲನ್ನು ಬೆರಳಿನಿಂದ ಕುಟ್ಟುತ್ತ, "ಐದು ಜನ ಮುಂದೆ ನುಗ್ಗೋರು ಇದ್ದೀರಿ. ಇವನೊಬ್ಬನನ್ನ ದಾಟೋಕಾಗಲಿಲ್ಲ. ಏನು ಮಾಡೋಣ ಹೇಳಿ" ಎಂದರು. ಒಬ್ಬ ಜೋರಾಗಿ ಓಡೋಣವೆಂದ. ಇನ್ನೊಬ್ಬ ಅವನ ಕಾಲಿಗೇ ಒದೆಯೋಣವೆಂದ. ಮೇಷ್ಟ್ರು ನನ್ನತ್ತ ನೋಡಿದರು.

"ನಡುವೆ ನುಗ್ಗೋದು ಬಿಟ್ಟುಬಿಡೋಣ ಸಾರ್" ಎಂದೆ. "ನಮ್ಮ ಬಲತುದಿಯ ಹುಡುಗ ಗೆರೆಗೆ ಅಂಟಿಕೊಂಡೇ ಓಡಲಿ. ಚೆಂಡು ಪ್ರತಿ ಸಲವೂ ಅಲ್ಲಿಗೇ ಹೋಗಲಿ."

"ಆ ಬ್ಯಾಕು ನಿಂತಿರೋದೇ ಅಲ್ಲಿ ಅಲ್ಲವೇನಯ್ಯ?"

ಆಗ ನಾನು ಏನು ಬೇಕಾದರೂ ಹೇಳಬಹುದಿತ್ತು. ಮಾಡಿ ನೋಡೋಣ ಸಾರ್ ಎಂದಿದ್ದರೆ ಸಾಕಿತ್ತು. ಕ್ಯಾಪ್ಟನ್ ಹೇಳಿದನೆಂದು ಅವರು ಒಪ್ಪುತ್ತಿದ್ದರು, ನಾವು ಗೆಲ್ಲುತ್ತಲೂ ಇದ್ದೆವು. ಆದರೆ ಹತ್ತು ಜೋಡಿ ಕಣ್ಣು ನನ್ನ ಮೇಲಿತ್ತು. ಇದು ನನಗೊಬ್ಬನಿಗೇ ಗೊತ್ತು ಎಂಬ ಬಿಂಕ ನಾಲಿಗೆಯ ತುದಿಗೆ ಬಂದಿತ್ತು.

"ಅವನಿಗೆ ಎಡಗಣ್ಣು ಕಾಣೋದಿಲ್ಲ ಸಾರ್."

ಮೇಷ್ಟ್ರು ನನ್ನ ಬೆನ್ನು ತಟ್ಟಿ, "ಕ್ಯಾಪ್ಟನ್ ಅಂದರೆ ಹೀಗಿರಬೇಕು ಕಣ್ರಯ್ಯ, ಎದುರಾಳಿಯ ಹುಳುಕು ತಿಳಿದಿರಬೇಕು" ಎಂದರು. ನನಗೆ ನಾಚಿಕೆಯಾಯಿತೆಂದು ಬರೆದರೆ ಅದು ಸುಳ್ಳು. ಹೆಮ್ಮೆಯೇ ಆಯಿತು. ಲೋಟಗಳನ್ನು ಸರಿಸಿ ಉಳಿದದ್ದನ್ನೂ ನಾನೇ ತೋರಿಸಿದೆ. ಗೆರೆಯ ಕಡೆಯ ಹುಡುಗನನ್ನು ಕಾಣಬೇಕಾದರೆ ಅವನು ಕತ್ತು ಪೂರ್ತಿ ಎಡಕ್ಕೆ ತಿರುಗಿಸಬೇಕು. ತಿರುಗಿಸಿದೊಡನೆ ನಡುಮೈದಾನ ಅವನಿಗೆ ಕಾಣದು. ಚೆಂಡು ಅಲ್ಲಿಂದ ನಡುವಿಗೆ ಬರಬೇಕು, ಅಲ್ಲಿ ನಾನಿರುತ್ತೇನೆ.

ಹತ್ತು ದಿನ ಬೆಳಿಗ್ಗೆ ಅದನ್ನೇ ಅಭ್ಯಾಸ ಮಾಡಿದೆವು.

ಎರಡನೆಯ ಪಂದ್ಯದ ದಿನ ಅಪ್ಪ ಮತ್ತೆ ಗಾಡಿಯಲ್ಲಿ ಬಂದಿದ್ದರು. ಮಿಲ್ಲಿನ ಸಾಹುಕಾರರು ಕುರ್ಚಿ ಹಾಕಿಸಿಕೊಂಡು ಗೆರೆಯ ಪಕ್ಕದಲ್ಲೇ ಕೂತಿದ್ದರು. ತಮ್ಮ ಆಳುಗಳು ಮೈಸೂರಿನ ಕಾಲೇಜನ್ನು ಸೋಲಿಸಿದ್ದು ಅವರಿಗೂ ಹಿರಿಮೆಯೇ. ಆಟ ಶುರುವಾಗುವ ಮುಂಚೆ ಅವರ ಕಡೆಯಿಂದ ನನ್ನ ಗೆಳೆಯ ಬಂದು ನನ್ನ ಭುಜ ಗುದ್ದಿ, "ಈ ಸಲನಾರ ಒಂದ್ ಒಡೀಲಾ, ನಿಮ್ಮಪ್ಪ ಬಂದವ್ರೆ" ಎಂದ.

ಮೊದಲ ಗೋಲು ಹತ್ತು ನಿಮಿಷಕ್ಕೇ ಆಯಿತು. ನಮ್ಮ ಹುಡುಗ ಗೆರೆಯ ಮೇಲೆ ಅವನನ್ನು ದಾಟಿ ಹೋದಾಗ ಅವನಿಗೆ ಗೊತ್ತೇ ಆಗಲಿಲ್ಲ, ಜನ ಕೂಗಿದ ಮೇಲೆ ತಿರುಗಿದ. ಎರಡನೆಯ ಸಲ ಕತ್ತು ತಿರುಗಿಸಿ ಕಾದ. ಚೆಂಡು ನಡುವಿಗೆ ಬಂತು, ನಾನು ಹೊಡೆದೆ. ಆಮೇಲೆ ಅವನು ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತ, ನೊಣ ಮುತ್ತಿದ ಎತ್ತಿನ ಹಾಗೆ ನಿಂತಲ್ಲೇ ಸುತ್ತತೊಡಗಿದ. ನಮ್ಮ ಬಲತುದಿಯ ಹುಡುಗ ಮೈಸೂರು ಪೇಟೆಯವನು, ಒಳ್ಳೆಯವನೇ, ಬಾಯಿ ಮಾತ್ರ ದೊಡ್ಡದು. ಗೆಲುವಿನ ಅಮಲಿನಲ್ಲಿ ಅವನು ಕೂಗಿದ: "ಕುರುಡುಗಣ್ಣಿನ ಕಡೆಗೆ ಹಾಕ್ರೋ!"

ಅಲ್ಲಿಂದ ಎಲ್ಲರೂ ಅದನ್ನೇ ಕೂಗಿದರು. ಬಸ್ಸಿನಲ್ಲಿ ಜೊತೆಗೆ ಬಂದಿದ್ದ ನಮ್ಮ ಹುಡುಗರು ಚಪ್ಪಾಳೆ ತಟ್ಟಿಕೊಂಡು ಕೂಗಿದರು. ಸಾಹುಕಾರರು ಕುರ್ಚಿಯಿಂದ ಎದ್ದು ನಿಂತು ಮೈದಾನದತ್ತ ಕಣ್ಣು ಕಿರಿದುಮಾಡಿ ನೋಡುತ್ತಿದ್ದುದನ್ನು ನಾನು ಕಂಡೆ. ಅದನ್ನು ಕಂಡ ಗೆಳೆಯ ನನ್ನ ಕಡೆ ತಿರುಗಿದ. ಕೋಪವಿರಲಿಲ್ಲ ಆ ಮುಖದಲ್ಲಿ. ಕೇಳಿದ್ದು ತಪ್ಪೇನೋ ಎಂದು ಇನ್ನೊಮ್ಮೆ ಕೇಳಿಸಿಕೊಳ್ಳಲು ನಿಂತವನ ಹಾಗಿತ್ತು. ಮುಂದಿನ ಚೆಂಡು ಬಂದಾಗ ನಾನು ಅವನ ಎಡಪಕ್ಕದಲ್ಲಿ, ಉಸಿರು ಕೇಳುವಷ್ಟು ಹತ್ತಿರದಲ್ಲಿ ಹಾದುಹೋಗಿ ಮೂರನೆಯ ಗೋಲು ಹೊಡೆದೆ.

ನಾಲ್ಕಕ್ಕೆ ಒಂದು ಗೋಲಿನಿಂದ ಗೆದ್ದೆವು. ಅಪ್ಪ ತಂಡಕ್ಕೆಲ್ಲ ಹೋಟೆಲಿನಲ್ಲಿ ದೋಸೆ ಕೊಡಿಸಿದರು. ನಾನೂ ಎರಡು ತಿಂದೆ. ಗೆಳೆಯ ಮೈದಾನದ ಆ ತುದಿಯಲ್ಲಿ ಕೂತಿದ್ದ. ನಾನು ಈ ತುದಿಯಿಂದಲೇ ಬಸ್ಸು ಹತ್ತಿದೆ.

ಇಷ್ಟಕ್ಕೇ ನಿಲ್ಲಲಿಲ್ಲ. ಎದುರಾಳಿಗಳ ಹುಳುಕು ಹುಡುಕುವುದು ಆ ವರ್ಷ ನನ್ನ ಕೆಲಸವೇ ಆಯಿತು. ಕೆ.ಆರ್.ನಗರದವರಲ್ಲಿ ಗೋಲು ಕಾಯುವವನ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದನ್ನು ಗುರುತಿಸಿ, ಚೆಂಡನ್ನು ಆ ಕೈಗೇ ಹೊಡೆಯಿರೆಂದು ನಮ್ಮವರಿಗೆ ಹೇಳಿದವನು ನಾನು. ಅಲ್ಲೂ ಗೆದ್ದೆವು. ವರ್ಷದ ಕೊನೆಯಲ್ಲಿ ನನಗೊಂದು ಬೆಳ್ಳಿಬಣ್ಣದ ಲೋಟ ಬಹುಮಾನ ಬಂತು.

ಬೇಸಿಗೆ ರಜೆಗೆ ಊರಿಗೆ ಹೋದಾಗ ಗೆಳೆಯ ಊರಿನಲ್ಲಿರಲಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ನಾನು ಮುದ್ದೆ ಮುರಿಯುತ್ತಿರುವಾಗ ಅವನ ತಾಯಿ ಹಿತ್ತಿಲ ಬಾಗಿಲಿಂದ ಬಂದು ಅವ್ವನ ಹತ್ತಿರ ಕೂತರು. ನನ್ನನ್ನು ನೋಡಿ, "ಬಂದಾ ನನ್ನಪ್ಪ, ಎಷ್ಟ್ ಇಳ್ದೋಗಿದ್ದೀಯೆ" ಎಂದರು. ಆಮೇಲೆ ಅವ್ವನ ಕಡೆ ತಿರುಗಿ ಹಿಂದೆ ಹಲವು ಸಲ ಹೇಳಿರಬಹುದಾದದ್ದನ್ನು ನನಗಾಗಿ ಮತ್ತೊಮ್ಮೆ ಹೇಳಿದರು. ಪಂದ್ಯದ ಮಾರನೆಯ ದಿನವೇ ಸಾಹುಕಾರರು ಗೆಳೆಯನನ್ನು ಡಾಕ್ಟರ ಹತ್ತಿರ ಕಳಿಸಿದರಂತೆ. ಗರಗಸದ ಮುಂದಿನ ಕೆಲಸ ಹೋಯಿತು. ಮರದ ಹೊಟ್ಟು ಗುಡಿಸಲು ಹಾಕಿದರು. ಜೊತೆಯವರು ಒಕ್ಕಣ್ಣ ಎಂದು ಕರೆಯತೊಡಗಿದರು. ಒಂದು ತಿಂಗಳು ತಡೆದುಕೊಂಡು, ಎಚ್.ಡಿ.ಕೋಟೆ ಕಡೆ ಬಿದಿರು ತುಂಬುವ ಕೆಲಸಕ್ಕೆ ಹೊರಟುಹೋದ. ಮಾತಾಗಿದ್ದ ಹೆಣ್ಣಿನ ಕಡೆಯವರೂ ಸುಮ್ಮನಾದರು.

"ಯಾರ್ ಯೋಳುದ್ರು ಅಂತ ಕೇಳುದ್ರೆ ಬಾಯೇ ಬುಡಾಕಿಲ್ಲ ಕಣವ್ವ ಅವ್ನು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. "ಯಾವನ್ ಬಾಯಿಂದ ಬಂತೋ ಆ ಮಾತು, ಅವನ್ ಬಾಯ್ಗೆ ಮಣ್ಣಾಕ."

"ಔದು ಕಣಕ್ಕ, ಅಂತೋನ್ ಉದ್ಧಾರ ಆಗಾಕಿಲ್ಲ" ಎಂದು ಅವ್ವ ದನಿಗೂಡಿಸಿದರು.

ನನ್ನ ಕೈಯಲ್ಲಿ ಮುದ್ದೆಯ ತುತ್ತಿತ್ತು. ಅದನ್ನು ಸಾರಿನಲ್ಲಿ ಅದ್ದಿ ನುಂಗಿದೆ. ನಾನೇ ಎಂದು ಹೇಳಲು ಬಾಯಿ ತೆರೆದಿದ್ದರೆ ಆ ಹಿತ್ತಿಲ ಬಾಗಿಲು, ಅವ್ವ, ಊರು ಎಲ್ಲ ನನಗೆ ಅಲ್ಲಿಗೇ ಮುಗಿಯುತ್ತಿತ್ತೆಂದು ಅನ್ನಿಸಿತು. ಕೈ ತೊಳೆಯಲು ಹೋದವನು ಬಚ್ಚಲಿನಲ್ಲಿ ಬಹಳ ಹೊತ್ತು ನಿಂತೆ.

ನಾಲ್ಕು ದಿನ ಬಿಟ್ಟು, ಸ್ನೇಹಿತರನ್ನು ನೋಡಬೇಕೆಂದು ಸುಳ್ಳು ಹೇಳಿ ಬಸ್ಸು ಹಿಡಿದು ಎಚ್.ಡಿ.ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟಿಗೆ ಹೋದೆ. ಬಿದಿರಿನ ಲಾರಿಗಳು ನಿಲ್ಲುವ ಕಡೆ ಅವನು ಸಿಕ್ಕ. ಅಂಗೈ ತುಂಬ ಬಿದಿರಿನ ಸಿಬರು ಚುಚ್ಚಿದ ಕಲೆ. ನನ್ನನ್ನು ನೋಡಿ ಹೆಗಲ ಮೇಲಿನ ಬಿದಿರಿನ ಗಳು ಇಳಿಸಿದ.

"ಓ, ಯಾವಾಗ್ ಬಂದ್ರಿ?" ಎಂದ.

ಹುಟ್ಟಿದಾಗಿನಿಂದ ನನಗೆ 'ಲೇ' ಎಂದವನು 'ಬಂದ್ರಿ' ಎಂದ. ಚೇಷ್ಟೆಯೇನೋ ಎಂದು ಮುಖ ನೋಡಿದೆ. ಚೇಷ್ಟೆಯಲ್ಲ.

"ಯಾಕ್ಲಾ ಇಂಗ್ ಮಾತಾಡ್ತೀಯೆ? ನನ್ನಿಂದ ತಪ್ಪಾಯ್ತು ಕಣ್ಲಾ. ನಾನೇ ಬಾಯ್ ಬುಟ್ಟಿದ್ದು."

"ಗೊತ್ತು" ಎಂದ. "ಇನ್ಯಾರು ಯೋಳಾಕಾಯ್ತದೆ?"

ಎದುರಿಗಿದ್ದ ಅಂಗಡಿಯಿಂದ ಟೀ ತರಿಸಿ ನನಗೆ ಕೊಟ್ಟ, ತಾನು ಕುಡಿಯಲಿಲ್ಲ. ನಾನು ಏನೇನೋ ಹೇಳಿದೆ. ಗರಗಸದ ಮುಂದೆ ಒಂದು ಕಣ್ಣಿನಲ್ಲಿ ನಿಲ್ಲುವುದು ಅಪಾಯವಾಗಿತ್ತು, ಬಿಟ್ಟದ್ದು ಒಳ್ಳೆಯದೇ ಆಯಿತೆಂದೂ ಹೇಳಿದೆ. ಆ ಮಾತು ಹೇಳಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಿದೆ. ಅವನು ಕೇಳಿಸಿಕೊಂಡು, ನೆಲದಿಂದೊಂದು ಬಿದಿರಿನ ಸೀಳು ಎತ್ತಿಕೊಂಡು ಉಗುರಿನಿಂದ ಕೆರೆಯುತ್ತಿದ್ದ.

"ಮೂರ್ ವರ್ಷ ನಿಂತಿದ್ದೆ. ಒಂದ್ ಬೆರಳು ಓಗಿರ್ಲಿಲ್ಲ" ಎಂದ. ಸೀಳನ್ನು ಕೆಳಗೆ ಹಾಕಿ ಕೇಳಿದ, "ನೀವ್ ಆಟ ಗೆಲ್ಬೇಕಿತ್ತು, ಗೆದ್ರಿ. ಗೆರೆ ಮ್ಯಾಲ್ ಆಡುದ್ರೆ ಸಾಕಿತ್ತು. ಕಣ್ಣಿನ್ ಮಾತು ಯಾಕ್ ಬೇಕಿತ್ತು?"

ಊಟದ ಮನೆಯಲ್ಲಿ ನಾನು ತಪ್ಪಿದ ಜಾಗವನ್ನು, ಅಲ್ಲಿ ಇರದಿದ್ದವನು ಸರಿಯಾಗಿ ತೋರಿಸಿದ್ದ.

"ನಿಮ್ಮವ್ವಂಗೆ ನಾನೇ ಓಗಿ ಯೋಳ್ತೀನಿ" ಎಂದೆ.

ಅವನು ಮೊದಲ ಸಲ ಜೋರಾಗಿ ತಲೆ ಅಲ್ಲಾಡಿಸಿದ. "ಬ್ಯಾಡಿ. ನಿಮ್ಮನೆ ಬಾಗ್ಲಿಗೆ ಬರಾದೇ ಬುಟ್ಬುಡ್ತಾಳೆ. ನಾನೂ ಊರಲ್ಲಿಲ್ಲ, ನಿಮ್ಮವ್ವನ್ ಬುಟ್ರೆ ಅವಳ್ಗೆ ಯಾರವ್ರೆ? ಇದೊಂದಾರ ಒಟ್ಟೇಲಿ ಇಟ್ಕಳಿ."

ಲಾರಿಯವನು ಕೂಗಿದ. ಅವನು ಗಳು ಹೊತ್ತುಕೊಂಡು ಹೋದ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸ್ವಲ್ಪ ಹಗುರವಾದದ್ದು ಕ್ಷಮೆ ಸಿಕ್ಕಿತೆಂದಲ್ಲ, ಅವನ ತಾಯಿಗೆ ಹೇಳುವ ಕಷ್ಟ ತಪ್ಪಿತೆಂದು. ಅದೂ ನಾಚಿಕೆಯ ಮಾತೇ.

ಮುಂದೆ ಅವನಿಗೆ ಅಲ್ಲೇ ಮದುವೆಯಾಯಿತು, ಅಲ್ಲೇ ಮನೆ ಕಟ್ಟಿದ. ಊರಿಗೆ ಬಂದಾಗ ಸಿಕ್ಕರೆ ಮಳೆ ಬೆಳೆ ವಿಚಾರಿಸುತ್ತಿದ್ದ, 'ನೀವು' ಎಂದೇ. ಅವನ ತಾಯಿ ಬದುಕಿರುವಷ್ಟು ಕಾಲ ನಾನು ಊರಿಗೆ ಬಂದ ದಿನ ಹಿತ್ತಿಲ ಬಾಗಿಲಿಂದ ಬಂದು, "ನನ್ ಮಗನ್ ಜೊತೆಗಾರ" ಎಂದು ಕೆನ್ನೆ ಸವರಿ ನೆಟಿಕೆ ಮುರಿಯುತ್ತಿದ್ದರು. ನಾನು ಒಂದು ಸಲವೂ ಮುಖ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.