ಗೋಡೆ ಹಿಡಿಯದೆ ಏಳುವ ಪಾಠ

ಹಳೇ ಗೋಣಿಚೀಲಕ್ಕೆ ಮೂರು ರೂಪಾಯಿ, ಹೊಲಿಯುವ ಸುತಳಿಗೆ ಒಂದು. ಮರಳು ಹಳ್ಳದ್ದು, ಪುಕ್ಕಟೆ. ಹುಮನಾಬಾದಿನ ಅರವತ್ತರ ಬಂಡೆಪ್ಪನವರ ಅಂಗಳದ ತಾಲೀಮಿಗೆ ಇಷ್ಟೇ ಬಂಡವಾಳ. ನಸುಕಿನಲ್ಲಿ ಅರವತ್ತಾರರ ಜಿಜಾಬಾಯಿ ಹನ್ನೆರಡು ಕಿಲೋದ ಮರಳುಚೀಲ ಎದೆಗವುಚಿಕೊಂಡು ಗಿಡ್ಡ ಕಟ್ಟೆಯಿಂದ ಮೆಲ್ಲಗೆ ಏಳುತ್ತಿದ್ದಾರೆ.

“ಆಹಿಸ್ತಾ ಅಕ್ಕಾ, ಆಹಿಸ್ತಾ. ಲಾಭ... ಎರಡ... ಮೂರ...” ಎಂದು ಎಣಿಸುತ್ತಾರೆ ಬಂಡೆಪ್ಪ.

ಕಾಳು ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ಅಡತಿ ಅಂಗಡಿಗಳ, ಅಂದರೆ ಕಾಳಿನ ದಲ್ಲಾಳಿಗಳ ರೂಢಿ. ಇಲ್ಲಿ ಏಳಲು ಹತ್ತು ಎಣಿಕೆ, ಕೂರಲು ಹತ್ತು.

“ನಿನ್ನ ಹತ್ತು ಬರೂದ್ರಾಗ ನನ್ನ ಜೀವಾನೇ ಹೋಗ್ತದ ತಮ್ಮಾ!”

“ಹತ್ತ ಮುಗಿದ ಮ್ಯಾಲ ಹೋಗ್ಲಿ ಬಿಡಕ್ಕ.”

ಆರನೆಯ ಸಲ ತೊಡೆ ನಡುಗಿ, ಏನು ಮಾಡಿದರೂ ಏಳಲಾಗದಾಗ ಬಂಡೆಪ್ಪ ಚೀಲ ಇಸಿದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ಮುಂದೆ ಮೂರು ದಿನ ವಿಶ್ರಾಂತಿ.

ಬಂಡೆಪ್ಪ ಮೂವತ್ತು ವರ್ಷ ಇಲ್ಲಿನ ಮಾರುಕಟ್ಟೆಯಲ್ಲಿ ಹಮಾಲರಾಗಿ ದಿನಕ್ಕೆ ನೂರಿಪ್ಪತ್ತು ಚೀಲ ಹೊತ್ತವರು. 1994ರ ತೊಗರಿ ಸುಗ್ಗಿಯಲ್ಲಿ ಝಟಕಾ ಕೊಟ್ಟು, ಒಮ್ಮೆಲೇ ಜಗ್ಗಿ ಚೀಲ ಎತ್ತುವಾಗ ಸೊಂಟ ಹಿಡಿದು, ಐದು ತಿಂಗಳು ಮಲಗಿದರು. ಎದ್ದ ಮೇಲೆ ಅರೆಚೀಲವನ್ನೇ ನಿಧಾನ ಎತ್ತಿ ನಿಧಾನ ಇಳಿಸುತ್ತ ಮೈ ಕೂಡಿಸಿಕೊಂಡರು. ಈಗ ಅಡತಿಯಲ್ಲಿ ಚೀಲದ ಬಾಯಿ ಹೊಲಿಯುತ್ತಾರೆ.

“ಭಾರ ಕೆಟ್ಟದ್ದಲ್ರಿ, ಝಟಕಾ ಕೆಟ್ಟದ್ದು. ನಿಧಾನ ಎತ್ತಿದ್ರ ಕೀಲಿಗಿ ಪೆಟ್ಟಿಲ್ಲ, ಮಾಂಸಖಂಡಕ್ಕ ಬಿಡುವಿಲ್ಲ” ಎನ್ನುತ್ತಾರೆ. ಈ 2003ರಲ್ಲಿ ಅವರ ಅಂಗಳಕ್ಕೆ ಬರುವ ವಯಸ್ಸಾದವರು ಒಂಬತ್ತು ಮಂದಿ.

ಜಿಜಾಬಾಯಿ ಬಕ್ಕಪ್ಪ ಎಂಬವರ ಖಾನಾವಳಿಯಲ್ಲಿ ನೆಲದೊಲೆಯ ಮುಂದೆ ಕೂತು ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಾರೆ. ಕೂತರೆ ಎಬ್ಬಿಸಲು ಇಬ್ಬರು ಬೇಕಾಗಿತ್ತು. ಎಲುಬು ನೆಟ್ಟಗಿವೆ, ತೊಡೆಯಲ್ಲಿ ಕಸುವಿಲ್ಲ ಎಂದರು ಡಾಕ್ಟರು. “ದೀಪಾವಳಿ ಮಟ ನೋಡ್ತೀನಿ, ಆಮ್ಯಾಲ ಬ್ಯಾರೆಯವ್ರನ್ನ ಇಟ್ಕೊಳ್ತೀನಿ” ಎಂದರು ಬಕ್ಕಪ್ಪ. ಆಷಾಢದಲ್ಲಿ ಜಿಜಾಬಾಯಿ ಈ ಅಂಗಳಕ್ಕೆ ಬಂದದ್ದು ಆ ಮಾತಿನ ಹೆದರಿಕೆಗೆ.

ಶ್ರಾವಣದಲ್ಲೊಂದು ಎಡವಟ್ಟಾಯಿತು. ಎಣಿಕೆ ಬ್ಯಾಸರ, ಭಜನೆ ಹಾಡಿಕೊಂಡು ಎತ್ತೋಣ ಎಂದರು ಹೆಂಗಸರು. ಬಂಡೆಪ್ಪ ಹೂಂ ಅಂದುಬಿಟ್ಟರು. ಭಜನೆ ಮೆಲ್ಲಗೆ ಹೊರಟು ಕೊನೆಗೆ ಓಡುವಂಥದ್ದು. ತಾಳದ ಹಿಂದೆ ಚೀಲಗಳೂ ಓಡಿದವು. ಜಿಜಾಬಾಯಿಯ ಮೊಣಕಾಲು ಊದಿ ಮೂರು ವಾರ ಹಾಳಾಯಿತು.

“ತಪ್ಪ ನಂದ ಅದರಿ. ಸೊಂಟ ಮುರಕೊಂಡವಗ ತಿಳೀಬೇಕಿತ್ತು.”

ಬಾವು ಇಳಿದ ಮೇಲೆ ನಾಲ್ಕು ಕಿಲೋದಿಂದ ಮತ್ತೆ ಶುರು. ಹೋದ ಸೋಮವಾರ, ದೀಪಾವಳಿಗೆ ಐದು ದಿನ ಇರುವಾಗ, ಕೊನೆಯ ರೊಟ್ಟಿ ಹಂಚಿನಿಂದ ತೆಗೆದ ಜಿಜಾಬಾಯಿ ಯಾರನ್ನೂ ಕರೆಯದೆ, ಗೋಡೆ ಹಿಡಿಯದೆ ಎದ್ದು ನಿಂತರು.

“ಆಯೀ, ಇನ್ನೊಂದ ಸಲ ಕೂತು ಏಳ್ರಿ, ನೋಡ್ತೀನಿ” ಎಂದರಂತೆ ಬಕ್ಕಪ್ಪ.

“ಯಾಕೋ, ನಾ ಏನ್ ಸರ್ಕಸ್ಸಿನಾಕಿ ಏನು?” ಎಂದು ಬೈದರೂ ಕೂತು, ಎದ್ದು ತೋರಿಸಿದರು.

ಬಂಡೆಪ್ಪನವರಿಗೆ ಈ ಸುದ್ದಿ ಮುಟ್ಟಿದ್ದು ಚೀಲ ಹೊಲಿಯುವಾಗ. “ಚಲೋ ಆತು” ಎಂದು ದಬ್ಬಣಕ್ಕೆ ಹೊಸ ಸುತಳಿ ಪೋಣಿಸಿದರು.

ಮೂರು ವಾರ ಕಳೆದುಹೋದದ್ದು ಹೌದು. ಜಿಜಾಬಾಯಿಯ ಕೆಲಸ ಉಳಿದಿದೆ.